ಸುತ್ತಿಗೆ ಭುಜ

ಸಿಡಿಲಕ್ಕ ಸುತ್ತಿಗೆ ಎತ್ತಿದಳೆಂದರೆ ಮೂರು ಬೀದಿಯಾಚೆಯ ಕ್ಷೌರದಂಗಡಿಯಲ್ಲಿ ಗಿರಾಕಿಯ ಅರ್ಧ ಮೀಸೆ ಹಾರಿಹೋಗುತ್ತಿತ್ತು. ಇಳಿಸಿದಳೆಂದರೆ ಗೋಡೆಯ ಮಾತು ಹಾಗಿರಲಿ, ಗೋಡೆ ಕಟ್ಟಿದವನ ಮೊಮ್ಮಕ್ಕಳಿಗೂ ನಡು ಹಿಡಿದುಕೊಳ್ಳುತ್ತಿತ್ತು. ಹಳೆಯ ಕಟ್ಟಡ ಕೆಡವುವ ಕಸುಬಿಗೆ ಅವಳು ಕಾಲಿಟ್ಟ ದಿನವೇ ಅರ್ಧ ಗಂಡಸರು ಸುಣ್ಣ ಬಳಿಯುವ ಕೆಲಸ ಹುಡುಕಿಕೊಂಡು ಹೋದರು. ಉಳಿದರ್ಧ ಅವಳ ಹಿಂದೆ ನಿಂತು ಧೂಳು ಗುಡಿಸಿದರು. ಒಂದು ಸೇತುವೆಯಂತೂ ಅವಳು ದೂರದಲ್ಲಿ ಬರುತ್ತಿರುವುದನ್ನು ಕಂಡೇ ಕುಸಿದು ಕೂತಿತೆಂದು ಮೇಸ್ತ್ರಿ ಆಣೆಯಿಟ್ಟು ಹೇಳುತ್ತಾನೆ. ಮೇಸ್ತ್ರಿಯ ಆಣೆಗೆ ಮೂರು ಕಾಸಿನ ಬೆಲೆಯಿಲ್ಲ, ಆದರೆ ಅಲ್ಲಿ ಈಗ ಸೇತುವೆ ಇಲ್ಲದಿರುವುದು ಕಣ್ಣಿಗೆ ಕಾಣುವ ಸತ್ಯ.

ಅವಳ ಗಂಡ ಕಟರ್. ಗೋಡೆಯೊಳಗಿನ ಕಬ್ಬಿಣವನ್ನು ಗ್ಯಾಸಿನ ಉರಿಯಿಂದ ಕತ್ತರಿಸುವುದು ಅವನ ಕೆಲಸ, ಅದೇ ಅವನ ಹೆಸರು. ಅವಳು ಒಡೆಯುವವಳು, ಅವನು ಕತ್ತರಿಸುವವನು. ಮದುವೆಯಾದ ಮೇಲೆ ಆ ಮನೆಯಲ್ಲಿ ಒಂದು ಲೋಟವಾದರೂ ಸೊಟ್ಟಗಾಗದೆ ಉಳಿದಿದ್ದರೆ ಕೇಳಿ. ಕಟರ್ ಮಾತಿಗೆ ಬಡವ, ಕೈಗೆ ಶ್ರೀಮಂತ. ಅವನ ಹೆಬ್ಬೆರಳು ಬಿದ್ದ ಕಡೆ ನೋವು ಉಳಿಯುತ್ತಿರಲಿಲ್ಲ. ದಿನವಿಡೀ ಬಡಿದು ಬಂದ ಹೆಂಡತಿಯನ್ನು ಹಲಗೆಯ ಮೇಲೆ ಬೋರಲು ಮಲಗಿಸಿ, ಬೆನ್ನ ಮೇಲೆ ಮಂಡಿಯೂರಿ ಅವನು ಭುಜ ತಿಕ್ಕಿದನೆಂದರೆ ಅವಳು ಗೊರಕೆ ಹೊಡೆಯುವ ಸದ್ದಿಗೆ ಪಕ್ಕದ ಮನೆಯವರು ಎದ್ದು ಕೂರುತ್ತಿದ್ದರು. ಬೇರೆ ಹೆಂಡಂದಿರಿಗೆ ಹೂವು ಸೀರೆ ಸಿಗುತ್ತಿತ್ತು. ಇವಳಿಗೆ ಮಂಡಿ ಸಿಗುತ್ತಿತ್ತು, ಅದರಲ್ಲೇ ಅವಳಿಗೆ ಸ್ವರ್ಗ.

ಕೆಡವುವವರ ಬಾಯಲ್ಲಿ 'ನಿಂತಿದೆ' ಎನ್ನುವುದಕ್ಕಿಂತ ಭಯಂಕರ ಮಾತು ಇನ್ನೊಂದಿಲ್ಲ. ಬುಡ ಕಡಿದ ಮೇಲೂ ಬೀಳದೆ ನಿಂತ ಗೋಡೆ ಯಾವ ಗಳಿಗೆಯಲ್ಲಿ, ಯಾವ ಕಡೆಗೆ, ಯಾರ ಬುರುಡೆಯ ಮೇಲೆ ಬರುತ್ತದೆಂದು ಗೋಡೆಗೂ ಗೊತ್ತಿರುವುದಿಲ್ಲ. ಆ ಕೂಗು ಕಿವಿಗೆ ಬಿದ್ದರೆ ಕೈಯಲ್ಲಿದ್ದದ್ದನ್ನು ಎಸೆದು ಓಡಬೇಕು, ಅಷ್ಟೇ. ಸಿಡಿಲಕ್ಕ ಆ ದಿನ ಮರೆತದ್ದು ಇದನ್ನೇ. ಹಳೆಯ ಸಿನಿಮಾ ಮಂದಿರವನ್ನು ಕೆಡವುತ್ತಿದ್ದರು. ಬೆಳಿಗ್ಗೆ ಮನೆಯಲ್ಲಿ ಪರೀಕ್ಷೆಯ ಕಡ್ಡಿ ಎರಡು ಗೆರೆ ತೋರಿಸಿದ್ದನ್ನು ಗಂಡನಿಗೆ ಹೇಳದೆ ಬಾಯಿ ಬಿಗಿಹಿಡಿದುಕೊಂಡು ಬಂದವಳು, ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಬಾಲ್ಕನಿಯ ಅಂಚಿಗೆ ಬಂದು, ಕೆಳಗೆ ಕಂಬಿ ಕತ್ತರಿಸುತ್ತಿದ್ದ ಗಂಡನಿಗೆ ಕೇಳುವಂತೆ ಗಂಟಲು ಹರಿದು ಕೂಗಿದಳು:

"ನಿಂತಿದೆ!"

ಹಾರೆ ಸಲಿಕೆಗಳೆಲ್ಲ ಗಾಳಿಯಲ್ಲಿ ಹಾರಾಡಿದವು. ಮೇಸ್ತ್ರಿ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಟಿಕೆಟ್ ಕಿಟಕಿಯ ಸಣ್ಣ ತೂತಿನಿಂದ ಆಚೆ ಬಿದ್ದ. ಆ ತೂತಿನಲ್ಲಿ ಹಿಂದೆಂದೂ ಒಂದು ಕೈಗಿಂತ ದಪ್ಪನೆಯದು ಹೋದದ್ದಿಲ್ಲ. ಧೂಳು ಇಳಿದಾಗ ಕೆಳಗೆ ಉಳಿದಿದ್ದವನು ಕಟರ್ ಒಬ್ಬನೇ, ಎಲ್ಲಿ ಓಡಬೇಕೆಂದು ತಿಳಿಯದೆ ಸುತ್ತಲೂ ತಿರುಗುತ್ತಿದ್ದ.

"ಯಾವ ಗೋಡೆನೇ? ಯಾವ ಕಡೆ?"

"ಗೋಡೆ ಅಲ್ವೋ ಪೆದ್ದ, ನಾನು! ನಂಗೆ ನಿಂತಿದೆ!"

ಅಷ್ಟು ಹೊತ್ತಿಗೆ ಬೀದಿಗೆಲ್ಲ ಕೇಳಿಸಿತ್ತು. ಹಾಗಾಗಿ ಆ ಬಸಿರು ಮೊದಲ ದಿನದಿಂದಲೇ ಎಲ್ಲರ ಬಸಿರಾಯಿತು. ಇಟ್ಟಿಗೆಗೆ ಅಂಟಿದ ಹಳೆಯ ಗಾರೆ ಕೆರೆಯುತ್ತ ಮಂದಿರದ ಅಂಗಳದಲ್ಲಿ ಕೂತಿದ್ದ ಅತ್ತೆ, ಕೈಯಲ್ಲಿದ್ದ ಮಚ್ಚಿಗೆ ಮುತ್ತಿಟ್ಟು ಮತ್ತೆ ಕೆರೆಯತೊಡಗಿದಳು. ಮುತ್ತಿಡಲು ಆಗ ಹತ್ತಿರದಲ್ಲಿ ಅದೊಂದೇ ಇತ್ತು.

ಕೆಲವು ವಾರ ಕಳೆದ ಮೇಲೆ ಭುಜ ಶುರುವಾಯಿತು.

ಬಲಭುಜದ ತುದಿಯಲ್ಲಿ, ಕತ್ತಿನ ಬುಡಕ್ಕೆ ಹತ್ತಿರದಲ್ಲಿ, ಯಾರೋ ಒಳಗೆ ಕೂತು ಡ್ರಿಲ್ ಹಾಕಿದ ಹಾಗೆ. ಬೇರೆ ಹೆಂಗಸಾಗಿದ್ದರೆ ಇದೇನಿದು ಹೊಸ ನೋವು ಅಂತ ಹೆದರುತ್ತಿದ್ದಳು. ಸುತ್ತಿಗೆಯವರಿಗೆ ಭುಜದ ನೋವು ನೆಂಟನಿದ್ದ ಹಾಗೆ; ಬರಲಿಲ್ಲವೆಂದರೇ ಚಿಂತೆ. ಅದಕ್ಕೊಂದು ಹೆಸರೂ ಇದೆ, ಸುತ್ತಿಗೆ ಭುಜ. ಹೊಟ್ಟೆಯ ಒಂದು ಮಗ್ಗುಲಲ್ಲೂ ಚುಚ್ಚುತ್ತಿತ್ತು, ಸ್ವಲ್ಪ ಕೆಂಪೂ ಕಂಡಿತ್ತು. ಅದನ್ನೆಲ್ಲ ಅವಳು ಸುತ್ತಿಗೆಯ ತಲೆಗೇ ಕಟ್ಟಿದಳು. ಊಟದ ಬಿಡುವಿನಲ್ಲಿ ಗಂಡ ಅವಳನ್ನು ಸಿನಿಮಾ ಪರದೆಯ ಮುಂದಿನ ಹಲಗೆಯ ಮೇಲೆ ಬೋರಲು ಮಲಗಿಸಿದ.

"ಮಲಗಿದ್ರೆ ಜಾಸ್ತಿ ನೋಯ್ತಿದೆ ಕಣೋ."

"ಗಂಟು ಕಟ್ಟಿದೆ, ಅದಕ್ಕೇ. ಉಸಿರು ಬಿಗಿಹಿಡಿ."

ಅವನು ಮಂಡಿಯೂರಿದ. ಹೆಬ್ಬೆರಳು ಒತ್ತಿದ. ಅವಳು ಕಿರುಚಿದ ರಭಸಕ್ಕೆ ಸೂರಿನ ಪಾರಿವಾಳಗಳೆಲ್ಲ ಊರು ಬಿಟ್ಟವು, ಇವತ್ತಿಗೂ ವಾಪಸು ಬಂದಿಲ್ಲ. ಅವನು ನಕ್ಕ. "ಕರಗ್ತಾ ಇದೆ ನೋಡು, ಕರಗ್ತಾ ಇದೆ" ಎಂದ. ಅವಳು ಎದ್ದಳು, ಸುತ್ತಿಗೆಯನ್ನು ಸೊಂಟದವರೆಗೆ ಎತ್ತಿದಳು. ಆಮೇಲೆ, ಇಷ್ಟು ವರ್ಷ ಅವಳು ಯಾವುದನ್ನೆಲ್ಲ ಬೀಳಿಸಿದ್ದಳೋ ಅದೆಲ್ಲ ಸೇರಿ ಅವಳನ್ನು ಬೀಳಿಸಿದ ಹಾಗೆ, ಒಂದೇ ಏಟಿಗೆ ನೆಲಕ್ಕೆ ಬಿದ್ದಳು. ಮುಖ ಸುಣ್ಣದಂತಾಗಿತ್ತು. ಸುಣ್ಣದ ಧೂಳೇ ಎಂದು ಒಬ್ಬ ಒರೆಸಲು ಹೋದ. ಅದು ಅವಳ ಬಣ್ಣ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದಾಗ ಒಳಗಿದ್ದ ರಕ್ತ ಎರಡು ಲೀಟರು. ಈ ಕತೆಯಲ್ಲಿ ಬೇರೆಲ್ಲವನ್ನೂ ಹಿಗ್ಗಿಸಿ ಹೇಳಿರಬಹುದು, ಇದಕ್ಕೆ ಒಂದು ಹನಿಯನ್ನೂ ಸೇರಿಸಿಲ್ಲ.

ಮರುದಿನ ಡಾಕ್ಟರಮ್ಮ ಮಂಚದ ಪಕ್ಕದಲ್ಲಿ ನಿಂತು ಹೇಳಿದಳು. ಅವಳು ಮೊಣಕೈ ಎತ್ತರದ ಹೆಂಗಸು, ದನಿ ಮಾತ್ರ ಮೂರು ಮಹಡಿಯದ್ದು. "ಬಸಿರು ಗರ್ಭಕೋಶಕ್ಕೆ ಹೋಗಿ ಕೂರಬೇಕಿತ್ತಮ್ಮ. ಹೋಗೋ ದಾರೀಲೇ, ನಾಳದೊಳಗೇ ಕೂತ್ಬಿಟ್ಟಿದೆ. ಅದು ಬೆಳೀತು, ನಾಳಕ್ಕೆ ಬೆಳೆಯೋಕೆ ಬರಲ್ಲ. ಒಡೀತು. ಆ ಕಡೆಯ ನಾಳ ತೆಗೆದಿದ್ದೀವಿ, ಈ ಕಡೇದು ಚೆನ್ನಾಗಿದೆ. ಭುಜ ನೋಯ್ತಲ್ಲ, ಅದು ಭುಜದ್ದಲ್ಲ. ಹೊಟ್ಟೆಯಲ್ಲಿ ರಕ್ತ ತುಂಬಿ ಎದೆಗೂಡಿನ ಕೆಳಗಿನ ಪರದೆಗೆ ತಾಗಿದರೆ ಅಲ್ಲಿನ ನರ ಭುಜ ನೋಯ್ತಿದೆ ಅಂತ ಸುಳ್ಳು ಹೇಳುತ್ತೆ. ನೋವು ಅಂದ ತಕ್ಷಣ ಕರ್ಕೊಂಡು ಬರೋದಲ್ವೇನ್ರೀ?"

ಕೊನೆಯ ಮಾತು ಕಟರನಿಗೆ. ಅವನು ಎರಡೂ ಕೈಗಳನ್ನು ಜೇಬಿನೊಳಗೆ ಹಾಕಿಕೊಂಡದ್ದನ್ನು ಸಿಡಿಲಕ್ಕ ಕಂಡಳು. ಹೆಂಡತಿಗೆ ಎರಡು ಲೀಟರು ಹೋಗಿದೆ, ಇವನು ಜೇಬಿನಲ್ಲಿ ಕೈ ಹಾಕಿಕೊಂಡು ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದಾನಲ್ಲ ಎಂದುಕೊಂಡಳು. ಆ ಕೈ ಮತ್ತೆ ಅವಳ ಕಡೆಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಅವಳ ದೇಹ ಅವಳ ಜೊತೆ ಯುದ್ಧಕ್ಕೆ ನಿಂತಿತು. ಹೊಟ್ಟೆಯ ಕೆಳಗೆ ಅಡ್ಡಕ್ಕೆ ಒಂದು ಗೆರೆ. ಕೆಮ್ಮಿದರೆ ಅಲ್ಲಿ ಗರಗಸ ಓಡುತ್ತಿತ್ತು, ಸೀನಿದರೆ ಎರಡು ಗರಗಸ. ದಿಂಬನ್ನು ಅವುಚಿಕೊಂಡು ಕೆಮ್ಮಬೇಕು, ದಿಂಬನ್ನು ಅವುಚಿಕೊಂಡು ನಗಬೇಕು. ನಗುವುದೇನೂ ಇರಲಿಲ್ಲವಾದ್ದರಿಂದ ಅದೊಂದು ಉಳಿತಾಯ. ರಕ್ತ ಹೆಚ್ಚಿಸುವ ಮಾತ್ರೆ ನುಂಗಿದರೆ ಕಕ್ಕಸು ಡಾಂಬರಿನಂತೆ ಕಪ್ಪಗಾಗುತ್ತಿತ್ತು. ಒಂದು ರಸ್ತೆಗಾಗುವಷ್ಟು ಹಾಕಿದ್ದೇನೆ ಎಂದು ಅವಳೇ ಅಂದಳು. ಕಲ್ಲು ಕಂಬ ಉರುಳಿಸಿದವಳು ಚಹಾದ ಕೆಟಲ್ ಎತ್ತಲಾರದೆ ಒಲೆಯ ಮುಂದೆ ಬೆವರುತ್ತ ನಿಂತಳು. ಎಲ್ಲಕ್ಕಿಂತ ಕೆಟ್ಟದ್ದು, ದೇಹಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಎದೆ ಇನ್ನೂ ಭಾರವಾಗಿತ್ತು, ಮುಟ್ಟಿದರೆ ನೋಯುತ್ತಿತ್ತು. ರಕ್ತ ಪರೀಕ್ಷೆ ಮಾಡಿದರೆ ಬಸಿರಿನ ಅಂಶ ಇನ್ನೂ ಪೂರ್ತಿ ಇಳಿದಿಲ್ಲ, ಮುಂದಿನ ವಾರ ಮತ್ತೆ ಬನ್ನಿ ಎಂದರು. ಅಂದರೆ ಅವಳ ರಕ್ತ ಇನ್ನೂ ಬಾಲ್ಕನಿಯಲ್ಲಿ ನಿಂತು ಕೂಗುತ್ತಲೇ ಇತ್ತು.

ಅತ್ತೆ ಸೂಪು ತಂದಳು. ಒಳ್ಳೆಯ ಮನಸ್ಸಿನಿಂದಲೇ ತಂದಳು, ಬಾಯನ್ನೂ ಜೊತೆಗೇ ತಂದದ್ದು ತಪ್ಪಾಯಿತು.

"ಅಳಬೇಡ ಕಣೇ. ಅದು ಮಗು ಅಂತ ಯಾರು ಹೇಳಿದ್ರು? ಗರ್ಭದ ಬಾಗಿಲೇ ದಾಟದ್ದು. ದಾರಿ ತಪ್ಪಿದ ಒಂದು ರಕ್ತದ ಗಡ್ಡೆ."

ಸಿಡಿಲಕ್ಕ ಸೂಪಿನ ಬಟ್ಟಲನ್ನು ಎಸೆದಳು. ಕೈಯಲ್ಲಿ ಬಲವಿಲ್ಲದ ದಿನಗಳಾದ್ದರಿಂದ ಅದು ಅತ್ತೆಯ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿಯಿತು. ಬಲವಿದ್ದಿದ್ದರೆ ಅತ್ತೆ, ಗೋಡೆ, ಪಕ್ಕದ ಮನೆ ಮೂರೂ ಹೋಗುತ್ತಿದ್ದವು. "ಗಡ್ಡೆನಾ? ನಿಮ್ಮ ಮಗನೂ ಮೊದಲು ಗಡ್ಡೆನೇ! ಈಗಲೂ ಗಡ್ಡೆನೇ!" ಪಕ್ಕದ ಮನೆಯವಳು ಸದ್ದು ಕೇಳಿ ಬಂದು "ಬೇಜಾರು ಮಾಡ್ಕೋಬೇಡಿ, ಇನ್ನೊಂದು ಕಡೇದು ಇದೆಯಂತಲ್ಲ" ಎಂದಳು. ಅವಳ ಜುಟ್ಟು ಸಿಡಿಲಕ್ಕನ ಮುಷ್ಟಿಗೆ ಸಿಕ್ಕಿತು. ಬಿಡಿಸಲು ಬೀದಿಯ ಅರ್ಧ ಜನ ಬೇಕಾಯಿತು, ಕೂದಲು ಮಾತ್ರ ಅರ್ಧಕ್ಕಿಂತ ಕಡಿಮೆ ಉಳಿಯಿತು. ಆಮೇಲೆ ಸಿಡಿಲಕ್ಕ ನೆಲದಲ್ಲಿ ಮಡಚಿಕೊಂಡು ಬಿದ್ದು, ಹೊಲಿಗೆಯನ್ನು ಹಿಡಿದುಕೊಂಡು, ಹಲ್ಲು ಕಚ್ಚಿ ನರಳಿದಳು. ಆದರೂ ಹಿಡಿದ ಕೂದಲನ್ನು ಬಿಡಲಿಲ್ಲ.

ಇದನ್ನೆಲ್ಲ ಅವಳು ತಡೆದುಕೊಂಡಾಳು. ತಡೆಯಲಾಗದ್ದು ಗಂಡನ ಕೈಗವಸು. ಉರಿಯ ಮುಂದೆ ಹಾಕಿಕೊಳ್ಳುವ ದಪ್ಪ ಚರ್ಮದ ಕೈಗವಸನ್ನು ಕಟರ್ ಮನೆಯಲ್ಲೂ ಬಿಚ್ಚದಾದ. ಅದರಲ್ಲೇ ಉಂಡ, ಅದರಲ್ಲೇ ಬಾಗಿಲು ತೆಗೆದ, ಅದರಲ್ಲೇ ಮುಖ ತೊಳೆದ. ಅವಳ ಮಂಚದಿಂದ ಆಚೆ, ಹೊಸ್ತಿಲಿನ ಹತ್ತಿರ ಚಾಪೆ ಹಾಸಿದ. ನೀರಿನ ಚೆಂಬನ್ನು ನೆಲದ ಮೇಲೆ ಒಂದು ಸಲಾಕೆಯಿಂದ ಅವಳತ್ತ ತಳ್ಳುತ್ತಿದ್ದ. ಒಂದು ಬೆಳಿಗ್ಗೆ ಮಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಅವಳ ಬಾಯಿಯ ಹತ್ತಿರ ತಂದ. ಕಾದ ಮೊಳೆಯನ್ನು ಎತ್ತುವ ಇಕ್ಕಳ.

"ಏನೋ ಇದು? ನಾನೇನು ಪ್ಲೇಗಾ?"

"ತಗೋ. ಹೊತ್ತಾಯ್ತು."

"ಕೈಯಲ್ಲಿ ಕೊಡು."

ಅವನು ಇಕ್ಕಳವನ್ನು ಅಲ್ಲೇ ಹಿಡಿದು ನಿಂತ. ಅವಳು ಇಕ್ಕಳ ಕಿತ್ತುಕೊಂಡು ಕನ್ನಡಿಗೆ ಹೊಡೆದಳು, ಕನ್ನಡಿಯ ಚೂರಿನಿಂದ ದಿಂಬನ್ನು ಸಿಗಿದಳು, ಸ್ಟೂಲನ್ನು ಎತ್ತಲಾರದೆ ಕಾಲಲ್ಲಿ ಒದ್ದು ಮುರಿದಳು. ಅಷ್ಟೂ ಹೊತ್ತು ಅವನು ಗೋಡೆಗಂಟಿ ನಿಂತಿದ್ದು, ಕೊನೆಗೆ ಚೂರುಗಳನ್ನು ಕೈಗವಸಿನಲ್ಲೇ ಬಳಿದು ತುಂಬಿಕೊಂಡು ಹೊರಟುಹೋದ. ಸಿಡಿಲಕ್ಕನಿಗೆ ವಿಷಯ ಸ್ಪಷ್ಟವಾಯಿತು. ಒಂದು ನಾಳ ಹೋದ ಹೆಂಗಸು ಅವನಿಗೆ ಬೇಡ. ಬಾಯಿ ಬಿಟ್ಟು ಹೇಳುವ ಗಂಡಸುತನ ಇಲ್ಲ, ಇಕ್ಕಳದಲ್ಲಿ ಹೇಳುತ್ತಿದ್ದಾನೆ. ಹೋಗುವವನಾದರೆ ಹೋಗಲಿ, ಆದರೆ ಮುಖ ಕೊಟ್ಟು ಹೇಳಿ ಹೋಗಲಿ. ಈ ಒಂದು ಮಾತನ್ನು ಅವನ ಗಂಟಲಿನಿಂದ ಕಿತ್ತು ತೆಗೆಯದೆ ಅವಳಿಗೆ ನಿದ್ದೆಯಿಲ್ಲ.

ಹೊಲಿಗೆ ಬಿಚ್ಚಿ ಇನ್ನೂ ವಾರವಾಗಿರಲಿಲ್ಲ. ಭಾರ ಎತ್ತಬೇಡ ಎಂದು ಡಾಕ್ಟರಮ್ಮ ಮೂರು ಮಹಡಿಯ ದನಿಯಲ್ಲಿ ಕೂಗಿ ಹೇಳಿದ್ದಳು. ಸಿಡಿಲಕ್ಕ ಸಿನಿಮಾ ಮಂದಿರಕ್ಕೆ ಹೋದಳು.

ಅಷ್ಟರಲ್ಲಿ ಅಲ್ಲಿ ಸೂರು ಹೋಗಿತ್ತು, ಕುರ್ಚಿಗಳು ಹೋಗಿದ್ದವು. ಕಿಟಕಿ ಕಿತ್ತ ಅಕ್ಕಪಕ್ಕದ ಗೋಡೆಗಳೂ ಪರದೆಯ ಹಿಂದಿನ ದೊಡ್ಡ ಗೋಡೆಯೂ ಬಾಲ್ಕನಿಯನ್ನು ಹೊತ್ತಿದ್ದ ಎರಡು ಕಂಬಗಳೂ ಉಳಿದಿದ್ದವು. ಮೇಸ್ತ್ರಿ ಅವಳನ್ನು ಕಂಡು ಹೊಟ್ಟೆ ನೇವರಿಸಿಕೊಂಡ.

"ಬಂದ್ಯಾ ಸಿಡ್ಲಕ್ಕ. ಹೋಗು, ಅತ್ತೆ ಪಕ್ಕ ಕೂತ್ಕೊಂಡು ಇಟ್ಟಿಗೆ ಕೆರಿ. ಸುತ್ತಿಗೆ ಕಡೆ ತಿರುಗಿ ನೋಡ್ಬೇಡ."

"ನೋಡಿದ್ರೆ ಏನ್ಮಾಡ್ತೀಯ?"

"ನಾನೇನ್ಮಾಡ್ಲಿ, ನೀನು ನೋಡಿದ್ರೆ ಸುತ್ತಿಗೆನೇ ಎದ್ದು ಬರುತ್ತೆ. ದಮ್ಮಯ್ಯ, ಕೂತ್ಕೋ."

ಅವಳು ಕೂತಳು. ಅತ್ತೆ ಜಾಗ ಮಾಡಿಕೊಟ್ಟಳು, ಆದರೆ ಕೈಗೆಟುಕುವ ಊಟದ ಬಟ್ಟಲುಗಳನ್ನು ಮೊದಲು ಆಚೆ ಸರಿಸಿದಳು. ಎರಡು ಮಚ್ಚುಗಳು ಕರಕರ ಕೆರೆದವು.

"ನನ್ನ ಮಗ ಒಣಗಿ ಕಡ್ಡಿ ಆಗಿದ್ದಾನೆ" ಎಂದಳು ಅತ್ತೆ ಇಟ್ಟಿಗೆಗೆ ಹೇಳಿದಂತೆ. "ಗ್ಲೌಸ್ ಹಾಕ್ಕೊಂಡೇ ಅನ್ನ ತಿಂತಾನೆ. ಏನೇ ಮಾಡ್ದೆ ಅವನಿಗೆ?"

"ನಾನು ಮಾಡ್ದೆ? ನಾನಾ?"

ಮಚ್ಚು ಮೇಲೇಳುವಷ್ಟರಲ್ಲಿ ಮಂದಿರದೊಳಗಿಂದ ಕೋಣ ಬಿದ್ದಂಥ ಸದ್ದು ಬಂತು. ಡ್ರಿಲ್ ಮೆಷಿನ್ ಹಿಡಿಯುವವನು, ಎಲ್ಲರ ಬಾಯಲ್ಲಿ ಡ್ರಿಲ್ಲು, ನಾಲಿಗೆಯನ್ನೂ ಅದೇ ವೇಗದಲ್ಲಿ ತಿರುಗಿಸುವವನು, ಕಟರನ ಮುಂದೆ ಏನೋ ತಮಾಷೆ ಮಾಡಿದ್ದ. ಪೈಪು ಪಂಚರಾದರೇನಂತೆ, ಸ್ಟೆಪ್ನಿ ಇದೆಯಲ್ಲ ಎಂಬ ಮಾತು. ಅದು ಮುಗಿಯುವ ಮೊದಲೇ ಕಟರ್ ಅವನ ಮೇಲಿದ್ದ. ವರ್ಷಗಟ್ಟಲೆ ಇರುವೆಯನ್ನೂ ದಾಟಿಕೊಂಡು ನಡೆದ ಮನುಷ್ಯ ಆ ಗಳಿಗೆಯಲ್ಲಿ ಡ್ರಿಲ್ಲಿನ ತಲೆಯನ್ನು ಹಿಡಿದು ಇಟ್ಟಿಗೆ ರಾಶಿಗೆ ಬಡಿದ, ಎತ್ತಿ ಮತ್ತೆ ಬಡಿದ, ಕಿವಿಯನ್ನು ಕಚ್ಚಿ ಹಿಡಿದುಕೊಂಡ. ಬಿಡಿಸಲು ಬಂದ ಮೇಸ್ತ್ರಿಗೆ ಮೊಣಕೈ ಏಟು ಬಿದ್ದು ಅವನು ಹೊಟ್ಟೆ ಸಮೇತ ಉರುಳಿದ. ಡ್ರಿಲ್ಲು ತೆವಳಿಕೊಂಡು ಆಚೆ ಹೋದ ಮೇಲೂ ಕಟರ್ ಅವನಿದ್ದ ಜಾಗದ ನೆಲವನ್ನೇ ಸ್ವಲ್ಪ ಹೊತ್ತು ಗುದ್ದಿದ.

ಸಿಡಿಲಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಹೊಡೆಯಲು ಕೈ ಇದೆ. ಕಂಡವರ ತಲೆ ಹಿಡಿಯಲು ಎರಡೂ ಕೈ ಇದೆ. ನನಗೆ ಇಕ್ಕಳ.

ಅವಳು ಸುತ್ತಿಗೆ ಎತ್ತಿಕೊಂಡಳು.

"ಎಲ್ಲಾ ಆಚೆ ಹೋಗಿ."

ಎಲ್ಲರೂ ಹೋದರು. ಮೇಸ್ತ್ರಿ ಎಲ್ಲರಿಗಿಂತ ಮುಂಚೆ ಹೋದ. ಕಟರ್ ಒಂದು ಕಂಬಕ್ಕೆ ಬೆನ್ನು ಕೊಟ್ಟು ಏದುಸಿರು ಬಿಡುತ್ತ ನಿಂತಿದ್ದ, ಗಲ್ಲಕ್ಕೆ ಡ್ರಿಲ್ಲಿನ ರಕ್ತ.

"ಗ್ಲೌಸ್ ಬಿಚ್ಚು."

"ಅದನ್ನ ಕೆಳಗಿಡು. ಹೊಲಿಗೆ..."

"ಬಿಚ್ಚೋ!"

"ಬೇಡ."

ಸುತ್ತಿಗೆ ಅವನ ಕಿವಿಯ ಪಕ್ಕದಲ್ಲಿ ಕಂಬಕ್ಕೆ ಬಿತ್ತು. ತಲೆಯಷ್ಟು ದೊಡ್ಡ ಗಾರೆ ಕಿತ್ತು ಹಾರಿತು. ಅವನು ಕದಲಲಿಲ್ಲ. ಅವಳು ಮತ್ತೆ ಎತ್ತಿದಳು, ಇನ್ನೊಂದು ಕಿವಿ. ಕಂಬದೊಳಗಿನ ಕಂಬಿಗಳು ಪಕ್ಕೆಲುಬಿನ ಹಾಗೆ ಹೊರಗೆ ಬಂದವು. ಮೂರನೆಯ ಸಲ ಎತ್ತುವಾಗ ಹೊಟ್ಟೆಯ ಕೆಳಗೆ ಏನೋ ಬಿಸಿಯಾಗಿ ಹರಿಯಿತು. ಅವಳಿಗೆ ಗೊತ್ತಾಯಿತು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸುತ್ತಿಗೆ ಕೈಜಾರಿ ಬಿದ್ದದ್ದೇ ಮುಷ್ಟಿಯಿಂದ ಶುರುಮಾಡಿದಳು. ಎದೆಗೆ, ದವಡೆಗೆ, ಮೂಗಿಗೆ. ಅವನ ಒಂದು ಹಲ್ಲು ಪರದೆಯ ಗೋಡೆಯವರೆಗೆ ಹಾರಿತು.

"ಕೈ ಎತ್ತೋ! ಅವನಿಗೆ ಎತ್ತಿದ್ಯಲ್ಲ, ನಂಗೂ ಎತ್ತು! ನಾನು ಬೇಡ ಅಂತ ಬಾಯಲ್ಲಿ ಹೇಳು! ಅರ್ಧ ಹೆಂಗಸು ಬೇಡ ಅಂತ ಹೇಳೋ ನಾಯಿ!"

"ಹೊಡಿ" ಎಂದ ಅವನು. ಬಾಯಿ ತುಂಬ ರಕ್ತ. "ಇನ್ನೂ ಹೊಡಿ. ಇಷ್ಟಕ್ಕೆಲ್ಲ ಆಗಲ್ಲ."

"ಏನು ಆಗಲ್ಲ?"

"ನಾನು ಒಡೆದೆ." ಅವನು ಕಂಬದ ಬುಡಕ್ಕೆ ಜಾರಿ ಕೂತ. "ನಿನ್ನ ಬೆನ್ನ ಮೇಲೆ ಮಂಡಿಯೂರಿದ್ನಲ್ಲ. ನನ್ನ ಮಂಡಿ ಕೆಳಗೆ ಟಪ್ ಅಂತು. ನಂಗೆ ಕೇಳಿಸ್ತು. ಗಂಟು ಬಿಡ್ತು ಅಂದ್ಕೊಂಡೆ. ನಕ್ಕೆ ನಾನು. ನೀನು ಕಿರುಚ್ತಿದ್ದೆ, ನಾನು ನಕ್ಕೆ. ಈ ಕೈ ತಗೊಂಡು ನಿನ್ನ ಹೆಂಗೆ ಮುಟ್ಲಿ? ಮುಟ್ಟಿದ್ರೆ ಇನ್ನೇನು ಒಡೆಯುತ್ತೋ."

ಸಿಡಿಲಕ್ಕ ಎತ್ತಿದ ಮುಷ್ಟಿಯನ್ನು ಇಳಿಸಿದಳು. ಮಂದಿರದಲ್ಲಿ ಬಹಳ ಕಾಲದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದ ಹಾಗಿತ್ತು. ಕಿಟಕಿ ಇದ್ದ ತೂತುಗಳಲ್ಲಿ ಕೂಲಿಯವರ ತಲೆಗಳು ಕಿಕ್ಕಿರಿದಿದ್ದವು.

"ಟಪ್ ಅಂತಾ?"

"ಟಪ್ ಅಂತ."

ಅವಳು ಬಗ್ಗಿ ಇನ್ನೊಂದು ಬಿಟ್ಟಳು. ಆ ದಿನದ ಏಟುಗಳಲ್ಲೆಲ್ಲ ಅದೇ ದೊಡ್ಡದು. ಅವನ ತಲೆ ಕಂಬಕ್ಕೆ ಬಡಿದು ಕಂಬವೇ ನಡುಗಿತು.

"ಇದು ಒಬ್ಬನೇ ಇಟ್ಕೊಂಡಿದ್ದಕ್ಕೆ! ನಾನು ಇಲ್ಲಿ ಸಾಯ್ತಿದ್ದೀನಿ, ಇವನು ಕೂತು ಅದನ್ನ ಜಪ ಮಾಡ್ತಿದ್ದಾನೆ! ನೀನು ಒಡೆದ್ಯಂತೆ? ನೀನು? ಈ ಮನೇಲಿ ಒಡೆಯೋಳು ನಾನು ಕಣೋ! ಸೊಂಟದ ತನಕ ಸುತ್ತಿಗೆ ಎತ್ತಿದ್ದು ನಾನು. ಬೆಳಿಗ್ಗೆಯಿಂದ ಹೊಟ್ಟೆ ಚುಚ್ತಿತ್ತು, ಕೆಂಪು ಕಾಣ್ತು, ಬಾಯಿ ಬಿಡದೆ ಇದ್ದಿದ್ದು ನಾನು. ನಿಂಗೆ ಅದನ್ನೂ ಬಿಟ್ಟುಕೊಡಬೇಕಾ?"

ಅವಳ ಬಾಯಿಂದ ಅದು ಹೊರಗೆ ಬಂದ ಮೇಲೇ ಅದು ತನ್ನೊಳಗೆ ಇತ್ತೆಂದು ಅವಳಿಗೆ ತಿಳಿದದ್ದು. ಅವಳು ಅತ್ತಳು. ಅವಳ ಅಳು ಅಂದರೆ ಕಣ್ಣೊರೆಸಿಕೊಳ್ಳುವ ಅಳುವಲ್ಲ. ಬೀದಿನಾಯಿಗಳು ಬಾಲ ಮುದುರಿಕೊಂಡು ಲಾರಿಗಳ ಕೆಳಗೆ ನುಗ್ಗಿದವು.

"ರಕ್ತ ಕಣೇ!" ಅತ್ತೆ ಕಿಟಕಿಯ ತೂತಿನಿಂದ ಒಳಗೆ ಹಾರಿದಳು, ಆ ವಯಸ್ಸಿನಲ್ಲಿ. "ಬಟ್ಟೆ ನೋಡ್ಕೊಳೇ, ರಕ್ತ! ಲೋ ಗಡ್ಡೆ, ಎದ್ದೇಳೋ!"

ಕೆಡವಿದ ಕಲ್ಲುಮಣ್ಣು ಸಾಗಿಸುವ ಲಾರಿಯಲ್ಲೇ ಹಾಕಿಕೊಂಡು ಹೋದರು. ಸಿಡಿಲಕ್ಕ ದಾರಿಯುದ್ದಕ್ಕೂ ಗಂಡನ ಕಾಲರನ್ನು ಹಿಡಿದುಕೊಂಡೇ ಇದ್ದಳು, ಅವನು ಬಿದ್ದುಹೋಗದಿರಲೆಂದೋ ಓಡಿಹೋಗದಿರಲೆಂದೋ ನೋಡಿದವರಿಗೆ ತಿಳಿಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಇಬ್ಬರನ್ನೂ ನೋಡಿ "ಯಾರು ಪೇಷೆಂಟು?" ಎಂದ. "ಇಬ್ರೂ, ದಾರಿ ಬಿಡು" ಎಂದಳು ಅತ್ತೆ.

ಡಾಕ್ಟರಮ್ಮ ಬಟ್ಟೆ ಸರಿಸಿ ನೋಡಿ ಬೈದ ಬೈಗುಳಕ್ಕೆ ಔಷಧಿಯ ಬಾಟಲಿಗಳು ಕಪಾಟಿನಲ್ಲಿ ಗಲಗಲ ಅಂದವು. ಮೇಲಿನ ಚರ್ಮ ಎರಡು ಬೆರಳಗಲ ಬಿಟ್ಟುಕೊಂಡಿತ್ತು, ಒಳಗಿನದೆಲ್ಲ ಗಟ್ಟಿಯಾಗಿತ್ತು. ಹೊಲಿಗೆ ಹಾಕಬೇಕು. ನರ್ಸು ಇನ್ನೊಂದು ಹೆರಿಗೆಗೆ ಹೋಗಿದ್ದಳು.

"ಏ, ಅಲ್ಲಿ ನಿಂತಿರೋರೆ, ನೀವೇ ಗಂಡ ತಾನೆ? ಆ ಕೊಳಕು ಗ್ಲೌಸ್ ಬಿಸಾಡಿ, ಕೈ ತೊಳ್ಕೊಂಡು ಬನ್ನಿ. ಈ ಬಟ್ಟೆ ಒತ್ತಿ ಹಿಡೀಬೇಕು. ಬೇಗ!"

ಕಟರ್ ಅಲ್ಲಾಡಲಿಲ್ಲ.

"ಡಾಕ್ಟರಮ್ಮ" ಎಂದಳು ಸಿಡಿಲಕ್ಕ ಮಲಗಿದಲ್ಲಿಂದಲೇ. "ಇವನಿಗೊಂದು ಹೇಳಿ ಮೊದಲು. ಅವತ್ತು ಇವನು ನನ್ನ ಬೆನ್ನ ಮೇಲೆ ಮಂಡಿಯೂರಿ ಭುಜ ತಿಕ್ಕಿದ. ಅದಕ್ಕೇ ಒಡೀತಾ?"

ಡಾಕ್ಟರಮ್ಮ ಅವನ ಮುರಿದ ಹಲ್ಲು, ಊದಿದ ಕಣ್ಣು ಎಲ್ಲವನ್ನೂ ಒಮ್ಮೆ ನೋಡಿದಳು. ದನಿ ಮೂರು ಮಹಡಿಯಿಂದ ನೆಲಕ್ಕಿಳಿಯಿತು. "ಭುಜ ನೋಯೋಕೆ ಶುರುವಾಯ್ತು ಅಂದ್ರೆ ಆಗಲೇ ಒಡೆದು ರಕ್ತ ಹೋಗ್ತಿತ್ತು ಅಂತ ಅರ್ಥ. ನೀವು ಮುಟ್ಟೋಕೆ ಮುಂಚೆನೇ. ನೀವು ಕೇಳಿಸ್ಕೊಂಡಿದ್ದು ಏನೋ ಮೂಳೆ ಸದ್ದು ಇರ್ಬೇಕು. ಇವರು ಹಾಸಿಗೇಲಿ ಮಲಗಿದ್ರೂ ಒಡೀತಿತ್ತು. ಬೇಗ ಬಂದಿದ್ರೆ ರಕ್ತ ಕಡಿಮೆ ಹೋಗ್ತಿತ್ತು, ಅದು ನಿಜ. ಬಸಿರು ಉಳೀತಿರ್ಲಿಲ್ಲ. ಅಲ್ಲಿ ಕೂತದ್ದನ್ನ ಯಾರೂ ಉಳಿಸೋಕಾಗಲ್ಲ."

ಕಟರ್ ಕೈಗವಸನ್ನು ಬೆರಳು ಬೆರಳಾಗಿ ಎಳೆದು ಬಿಚ್ಚಿ ನೆಲಕ್ಕೆ ಹಾಕಿದ.

"ಎಷ್ಟಿತ್ತು?" ಎಂದ.

"ಬಟಾಣಿ ಕಾಳಿಗಿಂತ ಒಂಚೂರು ದೊಡ್ಡದು."

"ನೋವಾಯ್ತಾ ಅದಕ್ಕೆ?"

ಅತ್ತೆ ಬಾಗಿಲಲ್ಲಿ ಗಡ್ಡೆಯ ಮಾತೆತ್ತಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು.

"ಇಲ್ಲಪ್ಪ" ಎಂದಳು ಡಾಕ್ಟರಮ್ಮ. "ಅದಕ್ಕೆ ನೋವಾಗೋ ಅಷ್ಟು ಇನ್ನೂ ಬೆಳೆದಿರ್ಲಿಲ್ಲ. ನೋವೆಲ್ಲ ಇವರಿಗೇ ಆಗಿದ್ದು. ಈಗ ಕೈ ತೊಳೀರಿ, ರಕ್ತ ಹೋಗ್ತಿದೆ."

ಅವನು ತೊಳೆದ. ಆ ತೊಟ್ಟಿಯಲ್ಲಿ ಹರಿದ ಕೊಳೆಗೆ ಒಂದು ಕಾಲುವೆ ಬೇಕಾಗಿತ್ತು. ಎರಡು ಕೈಗಳನ್ನು, ಚರ್ಮದ ಕೈಗವಸಿನೊಳಗೇ ಇದ್ದು ಬೆಳ್ಳಗೆ ಬೆಂದಂತಾದ ಬೆರಳುಗಳನ್ನು, ಹಕ್ಕಿಯ ಗೂಡಿನ ಮೇಲಿಡುವವನ ಹಾಗೆ ಬಟ್ಟೆಯ ಮೇಲಿಟ್ಟ.

"ಒತ್ತು" ಎಂದಳು ಸಿಡಿಲಕ್ಕ.

"ಒತ್ತಿದ್ದೀನಿ."

"ಇದಾ ಒತ್ತೋದು? ನಿಮ್ಮಮ್ಮನ ಗಲ್ಲ ಸವರ್ತಿದ್ದೀಯ? ಜೋರಾಗಿ ಒತ್ತೋ, ಏನೂ ಒಡೆಯಲ್ಲ!"

ಅವನು ಒತ್ತಿದ. ಅವಳು ನೋವಿಗೆ ಅವನ ತಾಯಿ, ತಂದೆ, ಅವರ ಹಿಂದಿನ ಏಳು ತಲೆಮಾರನ್ನು ಒಂದೇ ಉಸಿರಿಗೆ ಬೈದಳು. ತಾಯಿ ಬಾಗಿಲಲ್ಲೇ ನಿಂತು ತಲೆದೂಗಿದಳು. ಕೈ ಕದಲಲಿಲ್ಲ. ಬಟ್ಟೆ ನಿಧಾನಕ್ಕೆ ಕೆಂಪಾಗಿ, ಆಮೇಲೆ ಕೆಂಪಾಗುವುದು ನಿಂತಿತು. ಅವನ ಕಣ್ಣಿನಿಂದ, ಮೂಗಿನಿಂದ, ಹಲ್ಲಿನ ಸಂದಿಯಿಂದ ಸುರಿಯುತ್ತಿದ್ದದ್ದನ್ನು ಅವಳು ತನ್ನ ತೋಳಿನಿಂದ ಒರಟಾಗಿ ಒರೆಸಿದಳು.

"ಸೂಜಿ ಪೊಟ್ಟಣ ಎಲ್ಲಿಟ್ಟಳೋ ಪುಣ್ಯಾತ್ಗಿತ್ತಿ" ಎಂದು ಡಾಕ್ಟರಮ್ಮ ಕಪಾಟಿನೊಳಗೆ ಅರ್ಧ ಮುಳುಗಿ ಹುಡುಕುತ್ತಿದ್ದಳು. "ನಾನು ಹೇಳೋ ತನಕ ಕೈ ತೆಗೀಬೇಡಿ."

"ನಿಧಾನಕ್ಕೆ ಹುಡುಕಿ ಡಾಕ್ಟರಮ್ಮ" ಎಂದಳು ಸಿಡಿಲಕ್ಕ.